ನಮ್ಮ ಪ್ರೌಢಶಾಲೆಗಳ ಆತ್ಮಶೋಧನೆ: ಅಳತೆಗೋಲು ಯಾವುದು?

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಚರ್ಚುಗಳ ಮಹಾದ್ವಾರದ ಬಳಿ ದೊಡ್ಡ ಫಲಕಗಳು ಏಳುತ್ತವೆ. ಶಾಲೆಯ ಹೆಸರು, ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ ಇಷ್ಟು ಎಂಬ ಘೋಷಣೆ, ಹೆಚ್ಚು ಅಂಕ ಗಳಿಸಿದವರ ಭಾವಚಿತ್ರಗಳು, ಕೆಳಗಿನ ಮೂಲೆಯಲ್ಲಿ ಸಂಚಾಲಕರ ಹಾಗೂ ಮುಖ್ಯೋಪಾಧ್ಯಾಯರ ನಗುಮುಖ. ಧರ್ಮಕೇಂದ್ರದ ಗುರುಗಳೇ ಶಾಲೆಯ ಸಂಚಾಲಕರೂ ಆಗಿರುವುದು ಕರಾವಳಿಯ ಹಳೆಯ ರೂಢಿಯಾದ್ದರಿಂದ ಅಂಥ ಫಲಕಗಳಲ್ಲಿ ನಮ್ಮ ಮುಖವೂ ಹಲವು ಸಲ ಮೂಡಿದೆ. ಬಲಿಪೂಜೆ ಮುಗಿಸಿ ಹೊರಬಂದ ಭಕ್ತಾದಿಗಳು ಅದನ್ನು ನೋಡಿ ಸಂತೋಷಪಡುವುದನ್ನು ನಾವು ಕಂಡಿದ್ದೇವೆ; ನಾವೂ ಸಂತೋಷಪಟ್ಟಿದ್ದೇವೆ. ಆದರೆ ಆ ಫಲಕವು ಶಾಲೆಯ ವಿಷಯದಲ್ಲಿ ನಿಜವಾಗಿ ಏನನ್ನು ಹೇಳುತ್ತದೆ ಎಂದು ನಿಂತು ಯೋಚಿಸಿದ್ದು ಬಹಳ ತಡವಾಗಿ.

ಇತ್ತೀಚಿನ ವರ್ಷಗಳ ಅಂಕಿಗಳನ್ನು ಗಮನಿಸೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದು, ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾಗಲಿಲ್ಲ, ಶಿಕ್ಷಕರೆಲ್ಲ ಸೋಮಾರಿಗಳೂ ಆಗಲಿಲ್ಲ; ಅಳತೆಗೋಲು ಬದಲಾಯಿತು, ಅಷ್ಟೇ. ಉತ್ತೀರ್ಣತೆಗೆ ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 33ಕ್ಕೆ ತಗ್ಗಿಸಲು 2025ರಲ್ಲಿ ಸರಕಾರವು ನಿರ್ಧರಿಸಿತು. ಕೋಲು ಮತ್ತೊಮ್ಮೆ ಬದಲಾಯಿತು. ಇಂಥ ಕೋಲಿನಿಂದ ಅಳೆದ ಶೇಕಡಾವಾರನ್ನು ಮಾತ್ರ ನಂಬಿ ನಮ್ಮ ಶಾಲೆ ಉತ್ತಮ ಎಂದು ತೀರ್ಮಾನಿಸುವುದು ಮರಳಿನ ಮೇಲೆ ಮನೆ ಕಟ್ಟಿದಂತೆ.

ಕರಾವಳಿಯವರು ಇದಕ್ಕೆ ಉತ್ತರ ಕೊಡಬಲ್ಲರು. 2024ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲನೆಯದಾಗಿ ಬಂತು, 2025ರಲ್ಲಿ ಶೇ. 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಮೊದಲನೆಯದು, ಶೇ. 89.96ರೊಂದಿಗೆ ಉಡುಪಿ ಎರಡನೆಯದು. ಕ್ಯಾಮರಾದ ಕಣ್ಣೆದುರೇ ಗಳಿಸಿದ ಈ ಕೀರ್ತಿಯಲ್ಲಿ ನಮ್ಮ ಕಥೋಲಿಕ ಶಾಲೆಗಳ ಶಿಕ್ಷಕರ ಬೆವರೂ ಇದೆ. ಅದನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಶೇಕಡಾವಾರು ಲೆಕ್ಕವು ಪರೀಕ್ಷೆಗೆ ಕುಳಿತವರನ್ನು ಮಾತ್ರ ಎಣಿಸುತ್ತದೆ. ಕುಳ್ಳಿರಿಸದೆ ಬಿಟ್ಟವರನ್ನು ಯಾವ ಫಲಕವೂ ಎಣಿಸುವುದಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸಂಚಾಲಕರಾಗಿದ್ದಾಗ, ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ವರ್ಗಾವಣೆ ಪತ್ರ ನಮ್ಮ ಮೇಜಿಗೆ ಬಂತು. ತಂದೆ ಇಲ್ಲದ ಹುಡುಗ. ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದಳು. ಗಣಿತವೂ ಇಂಗ್ಲಿಷೂ ಅವನಿಗೆ ಹತ್ತುತ್ತಿರಲಿಲ್ಲ. ಶಾಲೆಯವರು ತಾಯಿಯನ್ನು ಕರೆಸಿ, ಹುಡುಗನಿಗೆ ಬೇರೆ ಶಾಲೆಯೇ ಅನುಕೂಲ ಎಂದು ಮೃದುವಾಗಿ ತಿಳಿಹೇಳಿದ್ದರು. ಆ ಮಾತಿನ ಅರ್ಥ ಆಕೆಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಎಂಟನೆಯ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯಿದೆಯ ಆಶಯವಾದರೂ ಮಗುವಿನ ಬೆನ್ನಿಗಿರುತ್ತದೆ, ಒಂಬತ್ತನೆಯದು ಬಯಲು. ನಾವು ಸಹಿ ಹಾಕಿದೆವು. ಮರುವರ್ಷದ ಫಲಿತಾಂಶ ಶೇಕಡಾ ನೂರು. ಕೆಲವು ವರ್ಷ ಕಳೆದು ನಮ್ಮ ಸ್ಕೂಟರಿನ ಚಕ್ರ ಪಂಕ್ಚರ್ ಆಗಿ ದಾರಿಬದಿಯ ಅಂಗಡಿಯೊಂದರಲ್ಲಿ ನಿಂತಾಗ, ಚಕ್ರ ಬಿಚ್ಚುತ್ತಿದ್ದ ಯುವಕ ತಲೆಯೆತ್ತಿ, "ಗುರುತು ಸಿಕ್ಕಿತಾ ಫಾದರ್? ನನ್ನ ಟೀಸಿಗೆ ಸಹಿ ಹಾಕಿದ್ದು ನೀವೇ" ಎಂದ. ಅವನ ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆತ್ಮಶೋಧನೆ ಎಂಬುದು ಕಥೋಲಿಕ ಕುಟುಂಬಗಳಿಗೆ ಹೊಸ ಪದವಲ್ಲ. ರಾತ್ರಿಯ ಜಪಸರ ಮುಗಿದ ಬಳಿಕ ದಿನವನ್ನು ಹಿಂದಿರುಗಿ ನೋಡುವ ಅಭ್ಯಾಸವನ್ನು, ಪಾಪನಿವೇದನೆಗೆ ಮೊದಲು ಅಂತಃಕರಣವನ್ನು ಪರೀಕ್ಷಿಸಿಕೊಳ್ಳುವ ಕ್ರಮವನ್ನು ನಾವು ಬಾಲ್ಯದಲ್ಲೇ ಕಲಿತಿದ್ದೇವೆ. ವ್ಯಕ್ತಿಗೆ ಸಲ್ಲುವ ಈ ಕ್ರಮವನ್ನು ಸಂಸ್ಥೆಗೂ ಅನ್ವಯಿಸುವುದೇ ಶಾಲೆಯ ಸ್ವಯಂ ಮೌಲ್ಯಮಾಪನ. ಆಡಳಿತ ನಿರ್ವಹಣೆಯ ಗ್ರಂಥಗಳಿಂದ ನಿನ್ನೆ ಮೊನ್ನೆ ಬಂದ ಶೋಕಿ ಇದು ಎಂದು ಕೆಲವು ಹಿರಿಯ ಗುರುಗಳು ಗೊಣಗುವುದನ್ನು ಕೇಳಿದ್ದೇವೆ. ಚರಿತ್ರೆ ಬೇರೆಯೇ ಹೇಳುತ್ತದೆ. ಯೇಸುಸಭೆಯವರು 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಸಾರ್ವಜನಿಕರ ಮಕ್ಕಳಿಗಾಗಿ ಶಾಲೆ ತೆರೆದ ಮೇಲೆ ಯೂರೋಪಿನಾದ್ಯಂತ ಅವರ ವಿದ್ಯಾಸಂಸ್ಥೆಗಳು ಹಬ್ಬಿದವು. ಬೋಧನಾಕ್ರಮವನ್ನು ಒಂದು ನೆಲೆಗೆ ತರಲು 1586ರಲ್ಲಿ ಕರಡೊಂದನ್ನು ಸಿದ್ಧಪಡಿಸಿ ಎಲ್ಲ ಪ್ರಾಂತ್ಯಗಳಿಗೂ ಕಳುಹಿಸಿ ಅಭಿಪ್ರಾಯ ಕೇಳಿದರು. ಬಂದ ಆಕ್ಷೇಪಗಳನ್ನು ಓದಿ 1591ರಲ್ಲಿ ತಿದ್ದಿದ ಕರಡನ್ನು ಪ್ರಾಯೋಗಿಕವಾಗಿ ಜಾರಿಗೆ ಕೊಟ್ಟರು. ಅದರ ಅನುಭವವನ್ನೂ ತೂಗಿ ನೋಡಿ 1599ರಲ್ಲಿ 'ರೇಷಿಯೋ ಸ್ಟುಡಿಯೋರುಮ್' ಎಂಬ ಅಂತಿಮ ವಿಧಾನವನ್ನು ಪ್ರಕಟಿಸಿದರು. ಒಂದು ಯೋಜನೆಗೆ ಹದಿಮೂರು ವರ್ಷ! ತರಗತಿಯಲ್ಲಿ ನಿಂತು ಪಾಠ ಹೇಳುವವನ ಅನುಭವಕ್ಕೆ ರೋಮಿನ ಮೇಜು ಕಿವಿಗೊಟ್ಟ ಈ ಸಂಗತಿಯನ್ನು, ಒಂದು ಮಧ್ಯಾಹ್ನದ ಸಭೆಯಲ್ಲಿ ಐದು ವರ್ಷದ ಯೋಜನೆ ಬರೆದು ಮುಗಿಸುವ ನಾವು ನೆನಪಿಡಬೇಕು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದವರೂ ಇದೇ ಪರಂಪರೆಯವರು.

ಇಂದು ನಮ್ಮ ಶಾಲೆಗಳ ಮುಂದೆ ಸರಕಾರವೇ ಇಟ್ಟ ಒಂದು ಚೌಕಟ್ಟಿದೆ. 'ಶಾಲಾ ಸಿದ್ಧಿ' ಎಂಬ ಹೆಸರಿನ ಈ ಕಾರ್ಯಕ್ರಮವನ್ನು ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ವಿಶ್ವವಿದ್ಯಾಲಯವು ರೂಪಿಸಿತು. 2015ರಲ್ಲಿ ಅದು ಜಾರಿಗೆ ಬಂತು. ಸಂಪನ್ಮೂಲ, ಬೋಧನೆ ಮತ್ತು ಮೌಲ್ಯಾಂಕನ, ವಿದ್ಯಾರ್ಥಿಗಳ ಪ್ರಗತಿ, ಶಿಕ್ಷಕರ ಕಾರ್ಯನಿರ್ವಹಣೆ, ನಾಯಕತ್ವ, ಒಳಗೊಳ್ಳುವಿಕೆ ಹಾಗೂ ಆರೋಗ್ಯ ಸುರಕ್ಷತೆ, ಸಮುದಾಯದ ಸಹಭಾಗಿತ್ವ ಎಂಬ ಏಳು ಕ್ಷೇತ್ರಗಳು. ಅವುಗಳೊಳಗೆ 46 ಮಾನದಂಡಗಳು. ಪ್ರತಿಯೊಂದಕ್ಕೂ ಮೂರು ಹಂತ. ಶಾಲೆ ತಾನು ಯಾವ ಹಂತದಲ್ಲಿದೆ ಎಂದು ತಾನೇ ಗುರುತು ಹಾಕಿಕೊಳ್ಳಬೇಕು, ಬಳಿಕ ಸುಧಾರಣೆಯ ಯೋಜನೆ ಬರೆಯಬೇಕು. ಪ್ರಾಮಾಣಿಕವಾಗಿ ತುಂಬಿದರೆ ಇದು ಒಳ್ಳೆಯ ಕನ್ನಡಿ.

ಪ್ರಾಮಾಣಿಕವಾಗಿ ತುಂಬಿದರೆ. ನಮ್ಮ ಈಗಿನ ಧರ್ಮಕೇಂದ್ರದ ಕನ್ನಡ ಮಾಧ್ಯಮದ ಅನುದಾನಿತ ಪ್ರೌಢಶಾಲೆಯಲ್ಲಿ ಆ ನಮೂನೆಯ ಪ್ರತಿಯನ್ನು ತರಿಸಿ ನೋಡಿದಾಗ ಬಹುತೇಕ ಎಲ್ಲದಕ್ಕೂ ಮೂರನೆಯ ಹಂತ, ಅಂದರೆ ಅತ್ಯುತ್ತಮ ಎಂದೇ ಗುರುತಾಗಿತ್ತು. ಸಾಯಂಕಾಲ ಚಹಾ ಕುಡಿಯುವಾಗ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆವು. ಆಕೆ ಮುಚ್ಚುಮರೆಯಿಲ್ಲದ ಧರ್ಮಭಗಿನಿ. "ಕಡಿಮೆ ಬರೆದರೆ ಇಲಾಖೆಯಿಂದ ಪತ್ರ ಬರುತ್ತದೆ ಫಾದರ್, ಸಹಾಯ ಬರುವುದಿಲ್ಲ" ಎಂದರು. ಅವರ ಮಾತಿನಲ್ಲಿ ಒಂದು ಇಡೀ ವ್ಯವಸ್ಥೆಯ ವಿಶ್ಲೇಷಣೆ ಅಡಗಿತ್ತು. ತಪ್ಪನ್ನು ಒಪ್ಪಿಕೊಂಡವನಿಗೆ ದಂಡವೇ ದೊರೆಯುವಲ್ಲಿ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕುಳಿತು ಕಿವಿಗೊಟ್ಟ ಯಾವ ಗುರುವಿಗೂ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ನಾವು ಇಲಾಖೆಗೆ ಕಳುಹಿಸದ, ಯಾರಿಗೂ ಅಂಕ ಕೊಡದ, ನಮಗೆ ಮಾತ್ರ ಬೇಕಾದ ಇನ್ನೊಂದು ವಿಚಾರಣೆಯನ್ನು ನಡೆಸೋಣವೆಂದು ಶಿಕ್ಷಕರೊಡನೆ ಒಪ್ಪಂದಕ್ಕೆ ಬಂದೆವು.

ಯಾರನ್ನು ಕೇಳಬೇಕು ಎಂಬುದೇ ಮೊದಲ ತೊಡಕು. ಸಂತ ಥಾಮಸ್ ಅಕ್ವಿನಾಸರು ಸತ್ಯವನ್ನು ಕುರಿತ ತಮ್ಮ ಪ್ರಶ್ನಾವಳಿಯ ಹನ್ನೊಂದನೆಯ ಪ್ರಶ್ನೆಯಲ್ಲಿ, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಲಿಸಬಲ್ಲನೇ ಎಂದು ವಿಚಾರಮಾಡುತ್ತಾರೆ. ವೈದ್ಯನು ರೋಗಿಯ ದೇಹಪ್ರಕೃತಿಗೆ ನೆರವಾಗುತ್ತಾನೆ, ಗುಣವಾಗುವುದು ಪ್ರಕೃತಿಯ ಒಳಬಲದಿಂದ. ಹಾಗೆಯೇ ಗುರುವು ಶಿಷ್ಯನ ಬುದ್ಧಿಗೆ ನೆರವಾಗುತ್ತಾನೆ, ಅರಿವು ಹುಟ್ಟುವುದು ಶಿಷ್ಯನೊಳಗಿನ ಬೆಳಕಿನಿಂದ ಎಂಬುದು ಅವರ ನಿಲುವು. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಉರುಹೊಡೆದಿದ್ದೆವು. ಈಗ ಅದರ ಪ್ರಯೋಜನ ಕಂಡಿತು. ರೋಗಿಯನ್ನು ಕೇಳದೆ ಆಸ್ಪತ್ರೆಯ ಗೋಡೆ, ಮಂಚ, ಔಷಧ ದಾಸ್ತಾನುಗಳನ್ನು ಎಣಿಸಿ ಹೋಗುವ ಪರಿವೀಕ್ಷಣೆ ಎಷ್ಟು ಅಪೂರ್ಣವೋ, ಮಕ್ಕಳನ್ನು ಕೇಳದ ಶಾಲಾ ಮೌಲ್ಯಮಾಪನವೂ ಅಷ್ಟೇ ಅಪೂರ್ಣ.

ಹಾಗೆ ಮಕ್ಕಳನ್ನು ಕೇಳಿದೆವು. ಹಳೆ ವಿದ್ಯಾರ್ಥಿಗಳನ್ನು ಕೇಳಿದೆವು. ಬಿಸಿಯೂಟದ ಅಡುಗೆಯವರನ್ನೂ ಕೇಳಿದೆವು. ಅಡುಗೆಯವರಿಗೆ ತಿಳಿದಷ್ಟು ಸಂಚಾಲಕರಿಗೆ ತಿಳಿದಿರುವುದಿಲ್ಲ. ಸೋಮವಾರ ಮಧ್ಯಾಹ್ನ ಯಾವ ಮಕ್ಕಳು ಎರಡನೆಯ ಬಾರಿ ಅನ್ನ ಕೇಳುತ್ತಾರೆಂದು ಅವರು ಹೆಸರು ಹಿಡಿದು ಹೇಳಿದರು. ಹೆಣ್ಣುಮಕ್ಕಳ ಶೌಚಾಲಯದ ಒಂದು ಕೊಠಡಿ ಅತಿಥಿಗಳಿಗೆಂದು ಬೀಗ ಹಾಕಿಕೊಂಡಿತ್ತು, ಕೀಲಿಕೈ ಕಚೇರಿಯಲ್ಲಿ. ಗ್ರಂಥಾಲಯದ ಕಪಾಟಿನದ್ದೂ ಹಾಗೆಯೇ, ಪುಸ್ತಕ ಹರಿಯುತ್ತದೆಂಬ ಭಯ. ಮೌಲ್ಯಶಿಕ್ಷಣದ ಅವಧಿಯನ್ನು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಬಿಟ್ಟುಕೊಟ್ಟು ಬಹುಕಾಲವಾಗಿತ್ತು, ವೇಳಾಪಟ್ಟಿಯಲ್ಲಿ ಮಾತ್ರ ಅದು ಉಳಿದಿತ್ತು. ಬಾಗಲಕೋಟೆ, ಕೊಪ್ಪಳ, ರಾಯಚೂರುಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ವರ್ಷದ ನಡುವೆ ಬಂದು ಸೇರುತ್ತಾರೆ, ಕೆಲಸ ಮುಗಿದರೆ ಹೇಳದೆ ಹೊರಡುತ್ತಾರೆ. ಅವರ ಕನ್ನಡ ಕೇಳಿ ಇಲ್ಲಿನ ಮಕ್ಕಳು ನಗುತ್ತಾರೆ. ಮಕ್ಕಳು ಮಾತ್ರ ನಗುತ್ತಾರೆಂದು ಹೇಳುವಂತಿಲ್ಲ.

ಮತ್ತೊಂದು ಪುಸ್ತಕವನ್ನು ತೆರೆಯಲು ನಮಗೇ ಧೈರ್ಯ ಬೇಕಾಯಿತು: ಸಂಬಳದ ಪುಸ್ತಕ. ಅನುದಾನಿತ ಶಾಲೆಯಲ್ಲಿ ಸರಕಾರದಿಂದ ವೇತನ ಪಡೆಯುವ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದು ಓದುಗರಿಗೆ ತಿಳಿದ ವಿಷಯ. ಆ ಜಾಗದಲ್ಲಿ ಆಡಳಿತ ಮಂಡಳಿಯು ನೇಮಿಸಿದ ಗೌರವ ಶಿಕ್ಷಕಿಯರು ದುಡಿಯುತ್ತಾರೆ. ಅದೇ ಪಾಠ, ಅದೇ ಗಂಟೆ; ಕೈಗೆ ಸಿಗುವುದು ಗಾರೆ ಕೆಲಸದವನ ಕೂಲಿಗಿಂತ ಕಡಿಮೆ. ಗೌರವಧನ ಎಂಬ ಆ ಪದದಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ದುಡಿಮೆಗಾರನ ನ್ಯಾಯಯುತ ವೇತನವನ್ನು ಕುರಿತು ಹದಿಮೂರನೆಯ ಲಿಯೋ ಜಗದ್ಗುರುಗಳು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಬರೆದದ್ದು 1891ರಲ್ಲಿ. ಅದನ್ನು ನಾವು ಮೇ 1ರಂದು ಪ್ರವಚನದಲ್ಲಿ ಉಲ್ಲೇಖಿಸುತ್ತೇವೆ. ನಮ್ಮ ಶಾಲೆಯ ಸಂಬಳದ ಪುಸ್ತಕದಲ್ಲಿ ಅದು ಕಾಣಿಸಲಿಲ್ಲ.

ಕೆಲವರು ಕೇಳಬಹುದು: ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿರುವಾಗ ಈ ಎಲ್ಲ ಒಳವಿಚಾರಣೆ ಏಕೆ? ಹಕ್ಕು ಇರುವುದರಿಂದಲೇ ಎಂದು ನಾವು ಹೇಳುತ್ತೇವೆ. ಆಡಳಿತ ನಡೆಸುವ ಹಕ್ಕು ದುರಾಡಳಿತ ನಡೆಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿಯೇ, ಕೇರಳ ಶಿಕ್ಷಣ ಮಸೂದೆಯ ಸಂಬಂಧ ಕೊಟ್ಟ ಅಭಿಪ್ರಾಯದಲ್ಲಿ ತಿಳಿಸಿತ್ತು. 2014ರ ಮೇ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠದಿಂದ ಎರಡು ತೀರ್ಪುಗಳು ಬಂದವು. ಒಂದು, ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತವಾದರೂ ಸರಿ, ಅನ್ವಯಿಸುವುದಿಲ್ಲ ಎಂಬುದು. ಇನ್ನೊಂದು, 1994ರ ಭಾಷಾನೀತಿಯಂತೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸುವ ಅಧಿಕಾರ ಕರ್ನಾಟಕ ಸರಕಾರಕ್ಕಿಲ್ಲ ಎಂಬುದು. ಒಂದೇ ದಿನ ನಮಗೆ ಎರಡು ಬಿಡುಗಡೆ ದೊರೆತಂತಾಯಿತು. ಮೊದಲನೆಯದರ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಶಿಫಾರಸು ಮಾಡಿತು. ಅದು ಏನೇ ಆಗಲಿ, ಬಡ ಮಗುವಿಗೆ ಸ್ಥಾನ ಕೊಟ್ಟೆಯಾ ಎಂದು ಕಾನೂನು ನಮ್ಮನ್ನು ಕೇಳದಿರುವಾಗ, ಆ ಪ್ರಶ್ನೆಯನ್ನು ಕೇಳಬೇಕಾದವರು ಯಾರು? ನಾವೇ ಕೇಳಿಕೊಳ್ಳದಿದ್ದರೆ ವಿನಾಯಿತಿ ಎಂಬುದು ಬರಿಯ ಸೌಕರ್ಯವಾಗಿ ಉಳಿಯುತ್ತದೆ.

ಎರಡನೆಯ ಬಿಡುಗಡೆಯ ಫಲವನ್ನಂತೂ ನಾವೆಲ್ಲ ಕಣ್ಣಾರೆ ಕಾಣುತ್ತಿದ್ದೇವೆ. ಆಂಗ್ಲ ಮಾಧ್ಯಮದ ಬಸ್ಸುಗಳು ಬೆಳಿಗ್ಗೆ ಏಳೂವರೆಗೆ ಚರ್ಚಿನ ಮುಂದೆಯೇ ನಿಂತು ನಮ್ಮ ಕುಟುಂಬಗಳ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ಮಕ್ಕಳೂ ಮೊದಲಿನಷ್ಟಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ನಿಲ್ಲಲು ಬೇಕಾದುದು 2.1. ಮನೆಗೆ ಒಂದಿಬ್ಬರೇ ಮಕ್ಕಳಿರುವಾಗ ತಂದೆತಾಯಿಯರು ಸಾಲ ಮಾಡಿಯಾದರೂ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾರೆ. ಸರಕಾರವೇ 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ತರಗತಿಗಳನ್ನು ತೆರೆದ ಮೇಲೆ ಯಾರನ್ನು ದೂರೋಣ? ಹೀಗಾಗಿ ಹಿಂದಿನ ಗುರುಗಳು ಊರವರ ಕಾಣಿಕೆಯಿಂದ ಕಟ್ಟಿದ ಕನ್ನಡ ಶಾಲೆಯಲ್ಲಿ ಇಂದು ಕಥೋಲಿಕ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರು ಸುತ್ತಲಿನ ಎಲ್ಲ ಜಾತಿಮತಗಳ ಬಡವರ ಮಕ್ಕಳು.

ಚರ್ಚ್ ಪಾಲನಾ ಮಂಡಳಿಯ ಸಭೆಯಲ್ಲಿ ವಿಚಾರಣೆಯ ವರದಿಯನ್ನು ಓದಿದಾಗ ಒಬ್ಬ ಹಿರಿಯ ಗುರಿಕಾರರು ಎದ್ದು ನಿಂತರು. "ಫಾದರ್, ನಮ್ಮ ಮಕ್ಕಳೇ ಇಲ್ಲದ ಶಾಲೆಗೆ ನಮ್ಮ ಕಾಣಿಕೆಯ ಹಣ ಏಕೆ? ಕನ್ನಡ ವಿಭಾಗವನ್ನು ಮುಚ್ಚಿ ಸಿಬಿಎಸ್‌ಇ ಶಾಲೆ ಮಾಡೋಣ. ನಮ್ಮ ಮಕ್ಕಳೂ ಹಿಂದೆ ಬರುತ್ತಾರೆ, ಧರ್ಮೋಪದೇಶವೂ ನಡೆಯುತ್ತದೆ" ಎಂದರು. ಹಲವರು ತಲೆದೂಗಿದರು. ಇದನ್ನು ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಅನ್ಯಾಯ. ಗಲ್ಫಿನಲ್ಲಿ ದುಡಿದ ಹಣದಲ್ಲಿ ಶಾಲೆಯ ಮಾಡು ಹೊದೆಸಿದವರು ಆತ. ತಮ್ಮ ಮೊಮ್ಮಕ್ಕಳು ನಮ್ಮ ಅಂಗಳದಲ್ಲಿ ಕಲಿಯಬೇಕೆಂಬ ಆಸೆ ಅವರದು. ಕಥೋಲಿಕ ಮಗುವಿನ ಶ್ರದ್ಧೆಯನ್ನು ಪೋಷಿಸುವುದು ಕಥೋಲಿಕ ಶಾಲೆಯ ಮೊದಲ ಕರ್ತವ್ಯಗಳಲ್ಲಿ ಒಂದೆಂಬುದೂ ಸುಳ್ಳಲ್ಲ.

ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು, ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ವಿಶ್ವಾಸದ ವರವಿಲ್ಲದವರನ್ನೂ ವಿಶೇಷವಾಗಿ ನೋಡಿಕೊಳ್ಳುವಂತೆ ನಮ್ಮ ಶಾಲೆಗಳಿಗೆ ಹೇಳಿದೆ. ಕಥೋಲಿಕ ಶಾಲೆಗಳು ಹೆಚ್ಚಾಗಿ ಉಳ್ಳವರ ಕಡೆಗೇ ತಿರುಗಿದರೆ ಅನ್ಯಾಯದ ಸಮಾಜವನ್ನು ಪೋಷಿಸಿದಂತಾದೀತೆಂದು ರೋಮಿನ ಕಥೋಲಿಕ ಶಿಕ್ಷಣ ಪರಿಷತ್ತು 1977ರಲ್ಲಿ ಎಚ್ಚರಿಸಿತು. ಮಹಾಸಭೆಯ ಆ ಘೋಷಣೆಗೆ ಅರುವತ್ತು ವರ್ಷ ತುಂಬಿದಾಗ, 2025ರ ಅಕ್ಟೋಬರಿನಲ್ಲಿ, ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಶಿಕ್ಷಣವನ್ನು ಕುರಿತೇ ಪ್ರೇಷಿತ ಪತ್ರವೊಂದನ್ನು ಹೊರಡಿಸಿದರು. ನಮ್ಮ ಶಾಲೆಯಲ್ಲಿ ಈಗ ಯಾರಿದ್ದಾರೋ ಅವರೇ ಮಹಾಸಭೆ ಹೆಸರಿಸಿದ ಜನ. ಅವರನ್ನು ಹುಡುಕಿಕೊಂಡು ನಾವು ಹೋಗಲಿಲ್ಲ; ಅವರೇ ಬಂದಿದ್ದಾರೆ.

ಹಾಗೆಂದು ಭಾವುಕತೆಯಿಂದ ಶಾಲೆ ನಡೆಯುವುದಿಲ್ಲ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ ಸಾಮತಿಯನ್ನು ಲೂಕನ ಶುಭಸಂದೇಶದಲ್ಲಿ ಓದುತ್ತೇವೆ. ನಮ್ಮ ಯೋಜನೆಗಳ ದೋಷ ಇಲ್ಲಿಯೇ ಇದೆ. ಸಭಾಂಗಣ, ಸ್ಮಾರ್ಟ್ ಬೋರ್ಡು, ಶತಮಾನೋತ್ಸವದ ಕಮಾನು ಇವುಗಳ ಪಟ್ಟಿಯನ್ನೇ ದೂರದೃಷ್ಟಿಯ ಯೋಜನೆ ಎನ್ನುತ್ತೇವೆ. ಏನು ಬೇಕು ಎಂದು ಬರೆಯುತ್ತೇವೆ, ಏತಕ್ಕಾಗಿ ಬೇಕು ಎಂದು ಬರೆಯುವುದಿಲ್ಲ. ಅರಿಸ್ಟಾಟಲನು ವಸ್ತುವಿಗೆ ನಾಲ್ಕು ಕಾರಣಗಳನ್ನು ಹೇಳಿ, ಗುರಿ ಎಂಬ ಕಾರಣವಿಲ್ಲದೆ ಉಳಿದ ಮೂರು ಅರ್ಥವಾಗುವುದಿಲ್ಲ ಎಂದು ತೋರಿಸಿದ. ನಮ್ಮಲ್ಲಿ ಕಲ್ಲು, ಸಿಮೆಂಟು, ಗುತ್ತಿಗೆದಾರ ಮೂವರೂ ಸಿದ್ಧರಿರುತ್ತಾರೆ.

ಪಾಲನಾ ಮಂಡಳಿಯ ಸಭೆ ಮೂರು ಬಾರಿ ಸೇರಿ ಕೆಲವು ನಿರ್ಧಾರಗಳಿಗೆ ಬಂದಿದೆ. ಶೌಚಾಲಯದ ಬೀಗ ಅಂದೇ ತೆಗೆಯಲಾಯಿತು. ಅದಕ್ಕೆ ಯೋಜನೆಯೇನೂ ಬೇಕಾಗಲಿಲ್ಲ. ಒಂಬತ್ತನೆಯ ತರಗತಿಯ ಯಾವ ಮಗುವಿನ ವರ್ಗಾವಣೆ ಪತ್ರಕ್ಕೂ, ಸಂಚಾಲಕರು ತಂದೆ ಅಥವಾ ತಾಯಿಯನ್ನು ಮನೆಯಲ್ಲಿ ಕಂಡು ಮಾತಾಡದೆ ಸಹಿ ಬೀಳುವುದಿಲ್ಲ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಿದರೆ ಕನ್ನಡ ಮಾಧ್ಯಮದ ಮಗುವೂ ಹಿಂದೆ ಬೀಳಬೇಕಾಗಿಲ್ಲವೆಂದು, ಆಂಗ್ಲ ಮಾಧ್ಯಮದಲ್ಲಿ ಕಲಿಸಿ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಇಬ್ಬರು ಶಿಕ್ಷಕಿಯರು ವಾರಕ್ಕೆ ಮೂರು ಸಂಜೆ ಬರಲು ಒಪ್ಪಿದ್ದಾರೆ. ಅವರಲ್ಲೊಬ್ಬರು ಆ ಗುರಿಕಾರರ ಪತ್ನಿ. ಈ ವರ್ಷ ಫಲಕ ಹಾಕುವುದೇ ಬೇಡವೆಂಬ ನಮ್ಮ ಸಲಹೆ ಮಾತ್ರ ಬಿದ್ದುಹೋಯಿತು. ಮಕ್ಕಳ ಸಂತೋಷವನ್ನು ಕಸಿಯಬಾರದೆಂದು ಶಿಕ್ಷಕರು ವಾದಿಸಿದರು. ಸಂಚಾಲಕರ ಭಾವಚಿತ್ರ ಬೇಡವೆಂಬುದಕ್ಕೆ ಯಾರೂ ಆಕ್ಷೇಪಿಸಲಿಲ್ಲ.

ಗೌರವ ಶಿಕ್ಷಕಿಯರ ವೇತನದ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಬೇಕಾದ ಹಣ ವಾರ್ಷಿಕ ಹಬ್ಬದ ವಿದ್ಯುದ್ದೀಪ ಮತ್ತು ಸಿಡಿಮದ್ದಿನ ವೆಚ್ಚದಿಂದ ಬರಬಹುದೆಂದು ಯುವಕನೊಬ್ಬ ಹೇಳಿದಾಗ ಸಭೆಯಲ್ಲಿ ಗದ್ದಲವೆದ್ದಿತು, ಗಂಟೆಯೂ ಒಂಬತ್ತು ದಾಟಿತ್ತು. ಬರುವ ತಿಂಗಳ ಮೊದಲ ಆದಿತ್ಯವಾರ, ಎರಡನೆಯ ಬಲಿಪೂಜೆಯ ನಂತರ, ಶಾಲೆಯ ಸಭಾಂಗಣದಲ್ಲಿ ಮತ್ತೆ ಸೇರುತ್ತೇವೆ. ಎರಡೂ ಲೆಕ್ಕಪುಸ್ತಕಗಳು, ಹಬ್ಬದ್ದೂ ಸಂಬಳದ್ದೂ, ಮೇಜಿನ ಮೇಲೆ ತೆರೆದಿರುತ್ತವೆ.